ಹಾಯಿ ಎಷ್ಟು ದೊಡ್ಡದಿರಬೇಕು?



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದಲ್ಲಿ ನೆಲೆಸಿದ್ದಾನೆ. ವೃತ್ತಿಯಿಂದ ಇಂಜಿನಿಯರ್. ಬಿಡುವಿನ ವೇಳೆಯಲ್ಲಿ ಹಾಯಿದೋಣಿಯ ಸ್ಪರ್ಧೆಗಳಲ್ಲಿ ಭಾಗವಹಿಸುವುದು ಅವನ ಹವ್ಯಾಸ. ಮೂವತ್ತು ಅಡಿ ಉದ್ದದ ಹಳೆಯ ದೋಣಿಯೊಂದನ್ನು ಇಟ್ಟುಕೊಂಡಿದ್ದಾನೆ. ಅದರ ಮುಂದಿನ ಹಾಯಿ ಈಗ ಜೀರ್ಣವಾಗಿದೆ, ಹೊಸದನ್ನು ಹೊಲಿಸಬೇಕು. ಅದಕ್ಕೆ ಸಾವಿರಾರು ಡಾಲರ್ ಖರ್ಚು. ಹಳೆಯದರಷ್ಟೇ ದೊಡ್ಡದನ್ನು ಹೊಲಿಸಲೇ, ಇಲ್ಲವೇ ಚಿಕ್ಕದಕ್ಕೆ ಒಪ್ಪಿ ಸ್ಪರ್ಧೆಯ ನಿಯಮದಂತೆ ಸಿಗುವ ಸಮಯದ ರಿಯಾಯಿತಿಯನ್ನು ಪಡೆಯಲೇ ಎಂದು ಕೇಳಿ ನನಗೆ ದೀರ್ಘವಾದ ಪತ್ರ ಬರೆದಿದ್ದಾನೆ. ಜೊತೆಗೆ ಒಂದು ಮಾತನ್ನೂ ಸೇರಿಸಿದ್ದಾನೆ: "ಸರ್, ಇಲ್ಲಿಯ ಗೆಳೆಯರೆಲ್ಲ ದೊಡ್ಡದೇ ಇರಲಿ ಅನ್ನುತ್ತಾರೆ. ಮಗಳು ಮಾತ್ರ ಈಗ ದೋಣಿಗೆ ಬರುವುದನ್ನೇ ಬಿಟ್ಟಿದ್ದಾಳೆ."

ಬಯಲುಸೀಮೆಯ ಹಳ್ಳಿಯಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಕಲಿಸಿ ನಿವೃತ್ತನಾದ ಮೇಷ್ಟರಿಗೂ ಹಾಯಿದೋಣಿಗೂ ಎಲ್ಲಿಯ ಸಂಬಂಧ ಎಂದು ನೀವು ಹುಬ್ಬೇರಿಸಬಹುದು. ಕೆಲವು ವರ್ಷಗಳ ಹಿಂದೆ ಅವನ ಮನೆಯಲ್ಲಿ ಒಂದು ತಿಂಗಳು ಇದ್ದಾಗ ನಾಲ್ಕಾರು ಮಧ್ಯಾಹ್ನ ಆ ದೋಣಿಯಲ್ಲಿ ಕುಳಿತಿದ್ದೆ. ಅಂದಿನಿಂದ ಈ ವಿಷಯವನ್ನು ಆಸಕ್ತಿಯಿಂದ ಓದುತ್ತಾ ಬಂದಿದ್ದೇನೆ. ಇಲ್ಲಿ ಗಾಳಿ, ಬಲ, ಕಾಲ, ದೂರ ಇವುಗಳ ಲೆಕ್ಕವೇ ಮುಖ್ಯ. ಅದು ನನ್ನ ಜೀವಮಾನದ ವೃತ್ತಿ. ಲೆಕ್ಕ ಮುಗಿದ ಮೇಲೂ ಉಳಿಯುವ ಒಂದು ಪ್ರಶ್ನೆ ಇದೆ. ಅದು ನಮ್ಮೆಲ್ಲರಿಗೂ ಸೇರಿದ್ದು. ಆದ್ದರಿಂದ ಅವನಿಗೆ ಬರೆದ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಯಿಯ ಅಳತೆಯನ್ನು ನಿರ್ಧರಿಸುವಾಗ ಮೊದಲು ನೋಡಬೇಕಾದುದು ನಮ್ಮ ನೀರಿನ ಮೇಲೆ ಬೀಸುವ ಗಾಳಿಯನ್ನು, ಎರಡನೆಯದಾಗಿ ನಮ್ಮ ದೋಣಿಯನ್ನು, ಮೂರನೆಯದಾಗಿ ಅದನ್ನು ಎಳೆಯುವ ಕೈಗಳನ್ನು. ರಿಯಾಯಿತಿಯ ಸೆಕೆಂಡುಗಳು ಕಟ್ಟಕಡೆಗೆ ತಕ್ಕಡಿಗೆ ಹಾಕುವ ಚಿಕ್ಕ ಬೊಟ್ಟು ಮಾತ್ರ.

ಮೊದಲು ಈ ರಿಯಾಯಿತಿಯ ವಿಚಾರ ತಿಳಿಯೋಣ. ಒಂದೇ ಸ್ಪರ್ಧೆಯಲ್ಲಿ ಉದ್ದದ ದೋಣಿ, ಗಿಡ್ಡ ದೋಣಿ, ಹಗುರವಾದದ್ದು, ಭಾರವಾದದ್ದು ಎಲ್ಲವೂ ಸೇರಿದಾಗ ಮೊದಲು ಗುರಿ ಮುಟ್ಟಿದವನೇ ಗೆದ್ದವನು ಎನ್ನುವುದು ನ್ಯಾಯವಲ್ಲ. 1851ರ ಆಗಸ್ಟ್ 22ರಂದು ಇಂಗ್ಲೆಂಡಿನ ವೈಟ್ ದ್ವೀಪವನ್ನು ಸುತ್ತುವ ಪ್ರಸಿದ್ಧ ಸ್ಪರ್ಧೆ ನಡೆಯಿತು. ಮುಂದೆ 'ಅಮೆರಿಕಾಸ್ ಕಪ್' ಎಂದು ಹೆಸರಾದ ಪಾರಿತೋಷಕದ ಮೂಲ ಇದೇ ಸ್ಪರ್ಧೆ. ಗೆದ್ದ 'ಅಮೆರಿಕಾ' ಎಂಬ ನೌಕೆ ಸುಮಾರು 170 ಟನ್ನಿನದು. ಅದರ ಬೆನ್ನಿಗೇ ಎರಡನೆಯದಾಗಿ ಬಂದ 'ಅರೋರಾ' ಕೇವಲ 47 ಟನ್ನಿನದು. ಆ ದಿನ ಗಾತ್ರಕ್ಕೆ ತಕ್ಕ ಸಮಯದ ರಿಯಾಯಿತಿ ಇರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತು ಎಂದು ಹಾಯಿದೋಣಿಯವರು ಇಂದಿಗೂ ಚರ್ಚಿಸುತ್ತಾರಂತೆ.

ಇಂತಹ ರಿಯಾಯಿತಿಗೆ ಇಂಗ್ಲಿಷಿನಲ್ಲಿ 'ಹ್ಯಾಂಡಿಕ್ಯಾಪ್' ಎನ್ನುತ್ತಾರೆ. ಈ ಪದದ ಹುಟ್ಟು ಕುತೂಹಲಕರವಾಗಿದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ವಸ್ತುವಿನಿಮಯದ ಒಂದು ಆಟವಿತ್ತು. ಇಬ್ಬರು ತಮ್ಮ ತಮ್ಮ ವಸ್ತುಗಳನ್ನು ಬದಲಾಯಿಸಿಕೊಳ್ಳಲು ಬಯಸಿದರೆ, ಮೂರನೆಯವನೊಬ್ಬ ಪಂಚನಾಗಿ ಎರಡರ ಬೆಲೆಯ ಅಂತರವೆಷ್ಟು, ಕಡಿಮೆ ಬೆಲೆಯ ವಸ್ತುವಿನವನು ಮೇಲೆ ಎಷ್ಟು ಕೊಡಬೇಕು ಎಂದು ಹೇಳುತ್ತಿದ್ದ. ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಇಬ್ಬರೂ ಟೋಪಿಯೊಳಗೆ ಕೈಯಿಟ್ಟು ತೆಗೆದು ಸೂಚಿಸುತ್ತಿದ್ದರು. 'ಟೋಪಿಯಲ್ಲಿ ಕೈ' ಎಂಬ ಆ ಮಾತೇ ಮುಂದೆ ಕುದುರೆ ಪಂದ್ಯಕ್ಕೆ ಬಂದು, ಆಮೇಲೆ ಉಳಿದ ಆಟಗಳಿಗೂ ಹರಡಿತು. ಪದದ ಮೂಲದಲ್ಲಿರುವುದು ಅನುಕಂಪವಲ್ಲ, ಅಂತರವನ್ನು ಸರಿದೂಗಿಸುವ ಪಂಚಾಯಿತಿ.

ಅಮೆರಿಕದ ಹವ್ಯಾಸಿ ಸ್ಪರ್ಧೆಗಳಲ್ಲಿ ಬಹಳ ಬಳಕೆಯಲ್ಲಿರುವ ಪದ್ಧತಿಗೆ ಪಿ.ಎಚ್.ಆರ್.ಎಫ್. ಎಂದು ಹೆಸರು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ದೇಶವನ್ನೆಲ್ಲ ವ್ಯಾಪಿಸಿದ ಪದ್ಧತಿ ಇದು. ಪ್ರತಿಯೊಂದು ಬಗೆಯ ದೋಣಿಗೂ ಅದರ ಹಿಂದಿನ ಸಾಧನೆಯನ್ನು ನೋಡಿ ಸ್ಥಳೀಯ ಸಮಿತಿಯವರು ಒಂದು ಅಂಕಿಯನ್ನು ಕೊಡುತ್ತಾರೆ. ಆ ಅಂಕಿ ಮೈಲಿಗೆ ಇಷ್ಟು ಸೆಕೆಂಡು ಎಂಬ ಲೆಕ್ಕದ್ದು. ಮೈಲಿಯೆಂದರೆ ಇಲ್ಲಿ ಸಮುದ್ರದ ನಾಟಿಕಲ್ ಮೈಲಿ. ಅಂಕಿ ದೊಡ್ಡದಾದಷ್ಟೂ ದೋಣಿ ನಿಧಾನದ್ದು ಎಂದರ್ಥ. 120 ಅಂಕಿಯ ದೋಣಿಯೂ 180 ಅಂಕಿಯ ದೋಣಿಯೂ 6 ಮೈಲಿಯ ಸ್ಪರ್ಧೆಯಲ್ಲಿ ಸೇರಿದವು ಎಂದುಕೊಳ್ಳಿ. ಅಂತರ ಮೈಲಿಗೆ 60 ಸೆಕೆಂಡು. 6 ಮೈಲಿಗೆ 360 ಸೆಕೆಂಡು, ಅಂದರೆ 6 ನಿಮಿಷ. ವೇಗದ ದೋಣಿಯವನು ಆರು ನಿಮಿಷಕ್ಕಿಂತ ಹೆಚ್ಚು ಮುಂದಾಗಿ ಗುರಿ ಮುಟ್ಟಿದರೆ ಮಾತ್ರ ಅವನಿಗೆ ಗೆಲುವು. ನಮ್ಮ ಎಂಟನೆಯ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಅಂಕಿ ದೋಣಿಗೆ ಕೊಟ್ಟದ್ದೇ ಹೊರತು ದೋಣಿಯವನಿಗೆ ಕೊಟ್ಟದ್ದಲ್ಲ. ದೋಣಿ ಸುಸ್ಥಿತಿಯಲ್ಲಿದೆ, ಹಾಯಿಗಳು ಚೆನ್ನಾಗಿವೆ, ನಡೆಸುವವರು ಬಲ್ಲವರು ಎಂದು ಭಾವಿಸಿಯೇ ಅಂಕಿಯನ್ನು ನಿಗದಿ ಮಾಡುತ್ತಾರೆ. ತಡವರಿಸಿದವನಿಗೆ, ಹಗ್ಗ ಸಿಕ್ಕುಮಾಡಿಕೊಂಡವನಿಗೆ ಒಂದು ಸೆಕೆಂಡೂ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಕೊಡುವ ಕೃಪಾಂಕದಂತೆ ಇದನ್ನು ತಿಳಿಯಬಾರದು. ಕೃಪಾಂಕ ವಿದ್ಯಾರ್ಥಿಯ ಕೊರತೆಯನ್ನು ತುಂಬುತ್ತದೆ. ಹ್ಯಾಂಡಿಕ್ಯಾಪ್ ದೋಣಿಗಳ ನಡುವಿನ ಅಂತರವನ್ನು ಮಾತ್ರ ತುಂಬಿ, ಮನುಷ್ಯರ ನಡುವಿನ ಅಂತರವನ್ನು ಬಯಲಿಗಿಡುತ್ತದೆ.

ಈಗ ಹಾಯಿಗೆ ಬರೋಣ. ಸಾಮಾನ್ಯ ಹಾಯಿದೋಣಿಗೆ ಎರಡು ಹಾಯಿಗಳು. ಕೂವೆಮರದ ಹಿಂದೆ, ಅಂದರೆ ಹಾಯಿ ಕಟ್ಟುವ ನಡುಗಂಬದ ಹಿಂದೆ, ಇರುವುದು ದೊಡ್ಡ ಹಾಯಿ. ಕಂಬದ ಮುಂದೆ, ದೋಣಿಯ ಮೂತಿಯಿಂದ ಮೇಲಕ್ಕೆ ಬಿಗಿದ ತಂತಿಗುಂಟ ಏರಿಸುವುದು ಮುಂದಿನ ಹಾಯಿ. ಈ ಮುಂದಿನ ಹಾಯಿಯ ಗಾತ್ರವನ್ನು ಶೇಕಡಾ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಹಾಯಿಯ ಹಿಂದಿನ ಕೆಳಮೂಲೆಯಿಂದ ಮುಂದಿನ ಅಂಚಿಗೆ ಎಳೆದ ಲಂಬದ ಉದ್ದವನ್ನು, ಮುಂದಿನ ತಂತಿಯ ಬುಡದಿಂದ ಕಂಬದವರೆಗಿನ ದೂರಕ್ಕೆ ಹೋಲಿಸುತ್ತಾರೆ. ಎರಡೂ ಸಮನಾದರೆ ಶೇಕಡಾ 100. ಕಂಬವನ್ನು ದಾಟಿ ಹಿಂದಕ್ಕೆ ಚಾಚಿದ ದೊಡ್ಡ ಹಾಯಿಗೆ 'ಜೆನೋವಾ' ಎಂದು ಹೆಸರು. 1920ರ ದಶಕದಲ್ಲಿ ಸ್ವೀಡನ್ನಿನ ಸ್ವೆನ್ ಸಾಲೆನ್ ಇಟಲಿಯ ಜೆನೋವಾ ನಗರದಲ್ಲಿ ನಡೆದ ಸ್ಪರ್ಧೆಯಲ್ಲಿ ಇಂತಹ ಹಾಯಿಯನ್ನು ಬಳಸಿದುದರಿಂದ ಆ ಹೆಸರು ಬಂದಿತು.

ಒಂದು ಉದಾಹರಣೆ. ತಂತಿಯ ಬುಡದಿಂದ ಕಂಬಕ್ಕೆ 12 ಅಡಿ, ಹಾಯಿಯ ಮುಂದಿನ ಅಂಚಿನ ಎತ್ತರ 40 ಅಡಿ ಇರಲಿ. ಶೇಕಡಾ 155ರ ಹಾಯಿಯ ಲಂಬ 18.6 ಅಡಿ, ತ್ರಿಭುಜದ ಸೂತ್ರದಂತೆ ವಿಸ್ತೀರ್ಣ 372 ಚದರ ಅಡಿ. ಶೇಕಡಾ 130ರದಾದರೆ ಲಂಬ 15.6 ಅಡಿ, ವಿಸ್ತೀರ್ಣ 312 ಚದರ ಅಡಿ. ಅಂತರ 60 ಚದರ ಅಡಿ. ನಮ್ಮ ಹಳೆಯ ಮನೆಗಳ ಒಂದು ಚಿಕ್ಕ ಕೋಣೆಯ ನೆಲದಷ್ಟು ಬಟ್ಟೆ. ಅನೇಕ ಕಡೆ ದೋಣಿಯ ಮೂಲ ಅಂಕಿಯನ್ನು ಶೇಕಡಾ 150 ಅಥವಾ 155ರ ಹಾಯಿ ಇದೆಯೆಂದೇ ಲೆಕ್ಕ ಹಾಕಿರುತ್ತಾರೆ. ಅದಕ್ಕಿಂತ ಚಿಕ್ಕದಕ್ಕೆ ತೃಪ್ತನಾಗುತ್ತೇನೆ ಎಂದು ಬರೆದುಕೊಟ್ಟವನಿಗೆ ಮೈಲಿಗೆ ಕೆಲವು ಸೆಕೆಂಡು ರಿಯಾಯಿತಿ. ಎಷ್ಟು ಎಂಬುದು ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ನಮ್ಮ ಲೆಕ್ಕಕ್ಕೆ 6 ಸೆಕೆಂಡು ಎಂದಿಟ್ಟುಕೊಳ್ಳೋಣ.

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬುದನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಗಾಳಿ 10 ನಾಟ್‌ನಿಂದ 20 ನಾಟ್‌ಗೆ ಏರಿದರೆ ಒತ್ತಡ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. 8ರಿಂದ 24ಕ್ಕೆ ಏರಿದರೆ ಒಂಬತ್ತು ಪಟ್ಟು. ಆದ್ದರಿಂದ ಮಂದಗಾಳಿಯಲ್ಲಿ ಸಾಲದೆ ಹೋಗುವ ಹಾಯಿಯೇ ಬಿರುಗಾಳಿಯಲ್ಲಿ ವಿಪರೀತವಾಗುತ್ತದೆ. ಇನ್ನೊಂದು ಕಡೆ ದೋಣಿಯ ವೇಗಕ್ಕೂ ಒಂದು ಮಿತಿಯಿದೆ. ಭಾರವಾದ ಸಾಮಾನ್ಯ ದೋಣಿ ತಾನೇ ಎಬ್ಬಿಸಿದ ಅಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಸುಮಾರಾಗಿ ಆ ಮಿತಿ ನಾಟ್‌ಗಳಲ್ಲಿ ದೊರೆಯುತ್ತದೆ. 25 ಅಡಿಗೆ ವರ್ಗಮೂಲ 5, ಮಿತಿ 6.7 ನಾಟ್. ಅದರ ಸಮೀಪಕ್ಕೆ ಬಂದ ಮೇಲೆ ಎಷ್ಟು ಬಟ್ಟೆ ಏರಿಸಿದರೂ ವೇಗ ಹೆಚ್ಚುವುದು ಅತ್ಯಲ್ಪ. ಹೆಚ್ಚಿನ ಬಲವೆಲ್ಲ ದೋಣಿಯನ್ನು ಪಕ್ಕಕ್ಕೆ ವಾಲಿಸುತ್ತದೆ. ವಾಲಿದ ದೋಣಿ ಗಾಳಿಯ ಕಡೆಗೆ ತಿರುಗಲು ಹವಣಿಸುತ್ತದೆ. ಚುಕ್ಕಾಣಿಯನ್ನು ಎಳೆದು ಹಿಡಿಯಬೇಕು. ಎಳೆದು ಹಿಡಿದ ಚುಕ್ಕಾಣಿ ನೀರಿನಲ್ಲಿ ತಡೆಯಾಗುತ್ತದೆ. ಅಂದರೆ ಹಣ ಕೊಟ್ಟು ಹೊಲಿಸಿದ ಬಟ್ಟೆ ದೋಣಿಯನ್ನು ಮುಂದಕ್ಕೆ ಒಯ್ಯುವುದರ ಬದಲು ಹಿಂದಕ್ಕೆ ಜಗ್ಗುತ್ತದೆ.

ಹಾಗೆಂದು ಮುಂದಿನ ಹಾಯಿ ಅಮುಖ್ಯವೆಂದಲ್ಲ. ಗಾಳಿಗೆದುರಾಗಿ ಓರೆಯಾಗಿ ಸಾಗುವಾಗ ಪ್ರತಿ ಚದರ ಅಡಿಗೆ ಹೆಚ್ಚು ಕೆಲಸ ಮಾಡುವುದು ಅದೇ. ಎರಡು ಹಾಯಿಗಳ ನಡುವಿನ ಕಿಂಡಿಯಲ್ಲಿ ಗಾಳಿ ನುಗ್ಗಿ ವೇಗ ಪಡೆಯುವುದೇ ಇದಕ್ಕೆ ಕಾರಣ ಎಂದು ಬಹುಕಾಲ ನಂಬಲಾಗಿತ್ತು. 1970ರ ದಶಕದಲ್ಲಿ ಆರ್ವೆಲ್ ಜೆಂಟ್ರಿ ಎಂಬ ವಾಯುಗತಿ ವಿಜ್ಞಾನಿ ಆ ವಿವರಣೆ ಸರಿಯಲ್ಲವೆಂದು ತೋರಿಸಿದರು. ಹಿಂದಿನ ಹಾಯಿಯ ಪ್ರಭಾವದಿಂದ ಮುಂದಿನ ಹಾಯಿಗೆ ಗಾಳಿ ಹೆಚ್ಚು ಅನುಕೂಲವಾದ ಕೋನದಲ್ಲಿ ದೊರೆಯುವುದೇ ನಿಜವಾದ ಕಾರಣ. ಅಂತೂ ಮಂದಗಾಳಿಯಲ್ಲಿ ದೊಡ್ಡ ಜೆನೋವಾಕ್ಕೆ ಸಾಟಿಯಿಲ್ಲ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಈಗ ಎರಡು ದಿನಗಳ ಲೆಕ್ಕ ಮಾಡಿ ನೋಡೋಣ. ಎರಡೂ ದಿನ 6 ಮೈಲಿಯ ಸ್ಪರ್ಧೆ. ಚಿಕ್ಕ ಹಾಯಿಯವನಿಗೆ ಮೈಲಿಗೆ 6 ಸೆಕೆಂಡಿನಂತೆ 36 ಸೆಕೆಂಡು ರಿಯಾಯಿತಿ. ಅರ್ಧ ದೂರ ಗಾಳಿಗೆದುರು. ನೇರವಾಗಿ ಗಾಳಿಯ ಮುಖಕ್ಕೆ ಯಾವ ಹಾಯಿದೋಣಿಯೂ ಹೋಗಲಾರದು. ಓರೆಯಾಗಿ ಅಡ್ಡಾಡುತ್ತಾ ಏರಬೇಕು. ಆದ್ದರಿಂದ ಆ 3 ಮೈಲಿಗೆ ನಿಜವಾಗಿ ಸಾಗಬೇಕಾದದ್ದು ಸುಮಾರು 4.2 ಮೈಲಿ. ಮೊದಲ ದಿನ ಮಂದಗಾಳಿ. ದೊಡ್ಡ ಹಾಯಿಯ ದೋಣಿ 4.5 ನಾಟ್ ವೇಗದಲ್ಲಿ 56 ನಿಮಿಷದಲ್ಲಿ ಮೇಲೇರಿತು. ಚಿಕ್ಕದರದು 4.2 ನಾಟ್ ವೇಗದಲ್ಲಿ 60 ನಿಮಿಷ ತೆಗೆದುಕೊಂಡಿತು. ನಷ್ಟ 240 ಸೆಕೆಂಡು, ರಿಯಾಯಿತಿ 36. ಚಿಕ್ಕ ಹಾಯಿಯವನು 204 ಸೆಕೆಂಡು ಸೋತ. ಎರಡನೆಯ ದಿನ ಜೋರುಗಾಳಿ. ಎರಡೂ ದೋಣಿಗಳು ತಮ್ಮ ಮಿತಿಯ ಸಮೀಪ 6 ನಾಟ್‌ನಲ್ಲಿ ಸಾಗಿದವು. ಚಿಕ್ಕ ಹಾಯಿಯವನಿಗೆ ಆ 36 ಸೆಕೆಂಡು ಪೂರ್ತಿ ಲಾಭ. ಇದರ ಜೊತೆಗೆ ದಿಕ್ಕು ಬದಲಿಸಿದಾಗಲೆಲ್ಲ ದೊಡ್ಡ ಹಾಯಿಯನ್ನು ಕಂಬ, ತಂತಿಗಳನ್ನು ಬಳಸಿ ಆಚೆ ಬದಿಗೆ ಎಳೆಯಬೇಕು. ಒಂದು ಸಲಕ್ಕೆ 4 ಸೆಕೆಂಡು ಹೆಚ್ಚು ಹಿಡಿದರೂ ಹತ್ತು ಸಲಕ್ಕೆ 40 ಸೆಕೆಂಡು. ಒಟ್ಟು 76 ಸೆಕೆಂಡು ಗೆದ್ದ.

ಈ ಅಂಕಿಗಳು ತರಗತಿಯ ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು. ಇದರಿಂದ ತಿಳಿಯುವ ಸಂಗತಿ ಮಾತ್ರ ನಿಜವಾದದ್ದು. 56 ನಿಮಿಷದಲ್ಲಿ 36 ಸೆಕೆಂಡು ಎಂದರೆ ನೂರಕ್ಕೆ ಒಂದು ಚಿಲ್ಲರೆ. ರಿಯಾಯಿತಿಯ ಬೆಲೆ ಗಾಳಿಗೆದುರಿನ ವೇಗದಲ್ಲಿ ಶೇಕಡಾ ಒಂದರಷ್ಟು ಮಾತ್ರ. ನಮ್ಮ ಊರಿನ ಗಾಳಿಯಲ್ಲಿ ದೊಡ್ಡ ಹಾಯಿ ಅದಕ್ಕಿಂತ ಹೆಚ್ಚು ವೇಗ ಕೊಡುವುದಾದರೆ ರಿಯಾಯಿತಿಗೆ ಆಸೆಪಡುವುದು ದಡ್ಡತನ. ಕೊಡುವುದಿಲ್ಲವಾದರೆ ದೊಡ್ಡ ಹಾಯಿಯನ್ನು ಹೊರುವುದು ದಡ್ಡತನ.

ಮೊದಲ ದಿನ ಸೋತದ್ದು 204 ಸೆಕೆಂಡು, ಎರಡನೆಯ ದಿನ ಗೆದ್ದದ್ದು 76; ಹಾಗಿದ್ದರೆ ದೊಡ್ಡದೇ ಲಾಭವಲ್ಲವೇ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಅಲ್ಲ. ಋತುವಿನ ಸ್ಪರ್ಧಾಮಾಲೆಯಲ್ಲಿ ಸೆಕೆಂಡುಗಳನ್ನು ಕೂಡುವುದಿಲ್ಲ. ಪ್ರತಿ ಸ್ಪರ್ಧೆಯ ಸ್ಥಾನವನ್ನು ಕೂಡುತ್ತಾರೆ. ಮೊದಲಿಗನಿಗೆ 1, ಎರಡನೆಯವನಿಗೆ 2; ಕಡೆಯಲ್ಲಿ ಮೊತ್ತ ಕಡಿಮೆ ಇದ್ದವನು ಗೆದ್ದವನು. ಅತ್ಯಂತ ಕೆಟ್ಟ ಫಲಿತಾಂಶವನ್ನು ಲೆಕ್ಕದಿಂದ ಬಿಡುವ ಪದ್ಧತಿಯೂ ಅನೇಕ ಕಡೆ ಇದೆ. ಆದ್ದರಿಂದ ಒಂದು ದಿನ ಮೂರು ನಿಮಿಷ ಹಿಂದೆ ಬಿದ್ದರೂ ಮೂವತ್ತು ಸೆಕೆಂಡು ಹಿಂದೆ ಬಿದ್ದರೂ ಕಳೆದುಕೊಳ್ಳುವುದು ಕೆಲವು ಸ್ಥಾನಗಳನ್ನು ಮಾತ್ರ. ಎಣಿಸಬೇಕಾದುದು ದಿನಗಳನ್ನು. ಹತ್ತು ಸ್ಪರ್ಧೆಗಳಲ್ಲಿ ಎಷ್ಟು ದಿನ ಜೋರುಗಾಳಿ, ಎಷ್ಟು ದಿನ ಮಂದಗಾಳಿ?

ಇದಕ್ಕೆ ಉತ್ತರ ಊರಿನಿಂದ ಊರಿಗೆ ಬೇರೆ. ನ್ಯೂಯಾರ್ಕಿನ ಹತ್ತಿರದ ಲಾಂಗ್ ಐಲ್ಯಾಂಡ್ ಸೌಂಡ್ ಆಗಲಿ, ಮೇರಿಲ್ಯಾಂಡಿನ ಚೆಸಪೀಕ್ ಕೊಲ್ಲಿಯಾಗಲಿ ಬೇಸಿಗೆಯಲ್ಲಿ ಮಂದಗಾಳಿಗೆ ಹೆಸರಾದವು. ಅಲ್ಲಿಯವರು ದೊಡ್ಡ ಜೆನೋವಾವನ್ನು ಬಿಟ್ಟುಕೊಟ್ಟರೆ ಕೈಯಾರೆ ಸೋತಂತೆ. ಸ್ಯಾನ್ ಫ್ರಾನ್ಸಿಸ್ಕೋದ ಪ್ರಕೃತಿ ಬೇರೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಒಳನಾಡಿನ ಕಣಿವೆ ಸುಡುತ್ತದೆ; ಬಿಸಿಯಾದ ಗಾಳಿ ಮೇಲೇರುತ್ತದೆ. ಹೊರಗೆ ಪೆಸಿಫಿಕ್ ಸಾಗರದ ನೀರು ತಣ್ಣಗಿರುತ್ತದೆ. ಆ ತಂಪುಗಾಳಿಗೆ ಒಳನುಗ್ಗಲು ಕರಾವಳಿಯ ಗುಡ್ಡಸಾಲಿನಲ್ಲಿರುವ ದೊಡ್ಡ ಬಾಗಿಲೆಂದರೆ ಗೋಲ್ಡನ್ ಗೇಟ್ ಜಲಸಂಧಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಲ್ಲಿ 15ರಿಂದ 25 ನಾಟ್ ಗಾಳಿ ದಿನನಿತ್ಯದ ಮಾತು. ನಾನು ಅಲ್ಲಿ ಕುಳಿತಿದ್ದ ಮಧ್ಯಾಹ್ನಗಳಲ್ಲಿ ಜುಲೈ ತಿಂಗಳಾದರೂ ಸ್ವೆಟರ್ ಮೇಲೆ ಕೋಟು ಹಾಕಿಕೊಂಡಿದ್ದೆ. ಚಳಿಗಾಲದಲ್ಲಿ ಮಾತ್ರ, ಮಳೆಮಾರುತಗಳ ನಡುವಿನ ದಿನಗಳಲ್ಲಿ ಗಾಳಿ ಬಹಳ ಸೊರಗುತ್ತದೆ. ನನ್ನ ಶಿಷ್ಯ ಭಾಗವಹಿಸುವುದು ಹೆಚ್ಚಾಗಿ ಬೇಸಿಗೆಯ ಸ್ಪರ್ಧೆಗಳಲ್ಲಿ.

ನಮ್ಮಲ್ಲಿ 'ಗಾಳಿ ಬಂದಾಗ ತೂರಿಕೋ' ಎಂಬ ಗಾದೆಯಿದೆ. ಅದನ್ನು ಅವಕಾಶ ಬಂದಾಗ ಬಾಚಿಕೊಳ್ಳುವ ಉಪದೇಶವೆಂದೇ ಎಲ್ಲರೂ ಬಳಸುತ್ತೇವೆ. ಕಣದಲ್ಲಿ ರಾಶಿ ತೂರಿದವರಿಗೆ ಅದರ ಇನ್ನೊಂದು ಅರ್ಥವೂ ಗೊತ್ತು. ಗಾಳಿ ಮಂದವಾಗಿದ್ದರೆ ಮೊರವನ್ನು ಎತ್ತರಕ್ಕೆ ಹಿಡಿಯಬೇಕು. ಜೋರಾದರೆ ತಗ್ಗಿಸಬೇಕು; ಇಲ್ಲವಾದರೆ ಜೊಳ್ಳಿನೊಡನೆ ಕಾಳೂ ಹಾರಿಹೋಗುತ್ತದೆ. ಹಾಯಿಯ ಅಳತೆಯ ಶಾಸ್ತ್ರವೆಲ್ಲ ಇಷ್ಟೇ.

ದೋಣಿಯ ಜಾತಿಯನ್ನೂ ನೋಡಬೇಕು. 1970, 80ರ ದಶಕಗಳಲ್ಲಿ ಜಾರಿಯಲ್ಲಿದ್ದ ಅಂತರರಾಷ್ಟ್ರೀಯ ಅಳತೆಯ ನಿಯಮ ದೊಡ್ಡ ಜೆನೋವಾ, ಕಿರಿದಾದ ಹಿಂದಿನ ಹಾಯಿ ಇರುವ ವಿನ್ಯಾಸಕ್ಕೆ ಅನುಕೂಲವಾಗಿತ್ತು. ಆ ಕಾಲದ ಅನೇಕ ದೋಣಿಗಳಲ್ಲಿ ಮುಂದಿನ ತಂತಿ ಕಂಬದ ತುದಿಯವರೆಗೂ ಹೋಗುತ್ತದೆ. ಅಂತಹ ದೋಣಿಗೆ ಮುಂದಿನ ಹಾಯಿಯೇ ಮುಖ್ಯ ಎತ್ತು. ಅದನ್ನು ಒಮ್ಮೆಲೇ ಶೇಕಡಾ 100ಕ್ಕೆ ಇಳಿಸಿದರೆ ಮಂದಗಾಳಿಯಲ್ಲಿ ದೋಣಿ ಮುಂದೆ ಸಾಗುವುದೇ ಕಷ್ಟವಾಗುತ್ತದೆ. ಈಚಿನ ಅನೇಕ ದೋಣಿಗಳಲ್ಲಿ ತಂತಿ ಕಂಬದ ತುದಿಗಿಂತ ಕೆಳಗೇ ನಿಲ್ಲುತ್ತದೆ, ಹಿಂದಿನ ಹಾಯಿ ದೊಡ್ಡದಿರುತ್ತದೆ. ಅವುಗಳಿಗೆ ಕಿರಿದಾದ ಜಿಬ್ ಹಾಯಿಯೇ ಸಾಕು. ನನ್ನ ಶಿಷ್ಯನದು ಹಳೆಯ ಜಾತಿಯ ದೋಣಿ. ಆದುದರಿಂದಲೇ ನಾನು 100 ಎನ್ನದೆ 125ರಿಂದ 130ರ ನಡುವಿನ ಹಾಯಿಯನ್ನು ಸೂಚಿಸಿದ್ದೇನೆ. ಇನ್ನೊಂದು ಮಾತು: ಗಾಳಿಯ ಜೊತೆಗೆ ಸಾಗುವಾಗ ಸ್ಪಿನೇಕರ್ ಎಂಬ ಬುಗ್ಗೆಯಂತಹ ಹಾಯಿಯನ್ನು ಬಳಸುವವರಿಗೆ ಆ ಹಾದಿಯಲ್ಲಿ ಮುಂದಿನ ಹಾಯಿಯ ಗಾತ್ರ ಲೆಕ್ಕಕ್ಕೆ ಬಾರದು. ಸ್ಪಿನೇಕರ್ ಇಲ್ಲದ ವರ್ಗದಲ್ಲಿ ಸ್ಪರ್ಧಿಸುವವರಿಗೆ ಅದು ಲೆಕ್ಕಕ್ಕೆ ಬರುತ್ತದೆ. ಅವರು ದೊಡ್ಡದರ ಕಡೆಗೆ ಸ್ವಲ್ಪ ವಾಲಿದರೆ ತಪ್ಪಲ್ಲ.

ಅವನ ಗೆಳೆಯರ ವಾದ ಹೀಗಿದೆ: ದೊಡ್ಡದನ್ನೇ ಹೊಲಿಸು, ಗಾಳಿ ಹೆಚ್ಚಾದರೆ ಚಾಪೆಯಂತೆ ಅರ್ಧ ಸುತ್ತಿಟ್ಟರಾಯಿತು. ಮುಂದಿನ ತಂತಿಗೆ ಹಾಯಿಯನ್ನು ಸುತ್ತುವ ಸಲಕರಣೆ ಈಗ ಬಹಳ ದೋಣಿಗಳಲ್ಲಿದೆ. ವಿಹಾರಕ್ಕೆ ಅದು ಒಳ್ಳೆಯ ಉಪಾಯ. ಸ್ಪರ್ಧೆಗೆ ಅಲ್ಲ. ಸುತ್ತಿದ ಹಾಯಿಯ ಮುಂದಿನ ಅಂಚು ದಪ್ಪವಾಗುತ್ತದೆ, ಹೊಟ್ಟೆ ಜೋತುಬೀಳುತ್ತದೆ; ಅಂಚಿನೊಳಗೆ ಸ್ಪಂಜಿನ ಪಟ್ಟಿ ಹೊಲಿಸಿದರೂ ಕೊರತೆ ಪೂರ್ತಿ ನೀಗುವುದಿಲ್ಲ. ಮಂದಗಾಳಿಗೆಂದು ತೆಳುವಾದ ಬಟ್ಟೆಯಿಂದ ಮಾಡಿದ ಹಾಯಿ ಜೋರುಗಾಳಿಯಲ್ಲಿ ಹಿಗ್ಗಿ ಆಕಾರ ಕಳೆದುಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಂಕಿಯನ್ನು ನಿರ್ಧರಿಸುವುದು ನಮೂದಿಸಿದ ಅತಿ ದೊಡ್ಡ ಹಾಯಿಯ ಮೇಲೆ. ಸುತ್ತಿಟ್ಟ ಬಟ್ಟೆಗೂ ಸೆಕೆಂಡುಗಳ ಲೆಕ್ಕದಲ್ಲಿ ಬಾಡಿಗೆ ಕಟ್ಟಬೇಕು. ಬಹುಪಾಲು ಕಡೆ ಇವತ್ತು ದೊಡ್ಡದು, ನಾಳೆ ಚಿಕ್ಕದು ಎಂದು ಗಾಳಿ ನೋಡಿ ಅಂಕಿಯನ್ನು ಬದಲಿಸಿಕೊಳ್ಳಲು ಬಿಡುವುದಿಲ್ಲ. ಅದು ನ್ಯಾಯವೇ. ಪ್ರಶ್ನೆಪತ್ರಿಕೆ ನೋಡಿದ ಮೇಲೆ ಪರೀಕ್ಷೆಯ ವಿಷಯವನ್ನು ಆರಿಸಿಕೊಳ್ಳಲು ಯಾರಾದರೂ ಬಿಡುತ್ತಾರೆಯೇ?

ಇನ್ನು ಕೈಗಳ ವಿಚಾರ. ಅವನ ದೋಣಿಯಲ್ಲಿರುವುದು ಅವನು, ಅವನ ಪತ್ನಿ, ಒಬ್ಬ ಸಹೋದ್ಯೋಗಿ ಮತ್ತು ಹದಿನಾಲ್ಕು ವರ್ಷದ ಮಗಳು. ದೊಡ್ಡ ಜೆನೋವಾವನ್ನು 20 ನಾಟ್ ಗಾಳಿಯಲ್ಲಿ ಒಂದು ಬದಿಯಿಂದ ಇನ್ನೊಂದಕ್ಕೆ ಎಳೆದು ಬಿಗಿಯುವುದು ಗಟ್ಟಿ ತೋಳಿನವರ ಕೆಲಸ. ಹಗ್ಗವನ್ನು ವಿಂಚ್ ಎಂಬ ರಾಟೆಗೆ ಸುತ್ತಿ ಹಿಡಿಕೆಯಿಂದ ತಿರುಗಿಸಬೇಕು. ಹೋದ ಬೇಸಿಗೆಯಲ್ಲಿ ಆ ಹುಡುಗಿಯ ಬೆರಳುಗಳು ಹಗ್ಗಕ್ಕೂ ರಾಟೆಗೂ ನಡುವೆ ಸಿಕ್ಕಿಕೊಂಡವು. ಮೂಳೆ ಮುರಿಯಲಿಲ್ಲ, ಪುಣ್ಯ. ಅಂದಿನಿಂದ ಅವಳು ಶನಿವಾರಗಳಂದು ಮನೆಯಲ್ಲೇ ಉಳಿಯುತ್ತಾಳೆ. ಇಬ್ಬರು ಬಲಿಷ್ಠರನ್ನು ಜೊತೆಗೆ ಹಾಕಿಕೊಂಡರೆ ಸಮಸ್ಯೆ ತೀರುತ್ತದೆ ಎಂದು ಗೆಳೆಯರು ಹೇಳಿದ್ದಾರೆ. ತೀರುತ್ತದೆ, ನಿಜ. ಆಗ ಆ ದೋಣಿಯಲ್ಲಿ ಅವಳಿಗೆ ಜಾಗವೂ ಇರುವುದಿಲ್ಲ, ಕೆಲಸವೂ ಇರುವುದಿಲ್ಲ.

ನಾನು ಅಲ್ಲಿದ್ದಾಗ ಆ ಹುಡುಗಿ ಗಾಳಿಯ ದಿಕ್ಕು ಬದಲಾಗುವುದನ್ನು ನೀರಿನ ಬಣ್ಣ ನೋಡಿ ತಂದೆಗಿಂತ ಮುಂಚೆ ಹೇಳುತ್ತಿದ್ದಳು. "ಅಪ್ಪಾ, ಅಲ್ಲಿ ನೀರು ಕಪ್ಪಾಗಿದೆ, ಗಾಳಿ ಬರುತ್ತೆ" ಎನ್ನುತ್ತಿದ್ದಳು, ಹೇಳಿದಂತೆ ಬರುತ್ತಿತ್ತು. ಅಂತಹ ಕಣ್ಣಿಗೆ ಯಾವ ಸಮಿತಿಯೂ ಅಂಕಿ ಹಾಕಲಾರದು. ಹಾಯಿ ದೊಡ್ಡದಾಯಿತೆಂದು ಆ ಕಣ್ಣನ್ನು ದಡದಲ್ಲಿ ಬಿಟ್ಟುಹೋಗುವುದು ಗಣಿತದ ದೃಷ್ಟಿಯಿಂದಲೂ ನಷ್ಟ, ತಂದೆತನದ ದೃಷ್ಟಿಯಿಂದಲೂ ನಷ್ಟ.

ಕೆಲವರು ರಿಯಾಯಿತಿಯ ಬಗ್ಗೆಯೇ ಮೂಗು ಮುರಿಯುತ್ತಾರೆ. ಚಿಕ್ಕ ಹಾಯಿ ಹಾಕಿ ಸೆಕೆಂಡು ಬೇಡುವುದು ಗಂಡಸುತನವಲ್ಲ ಎಂಬ ಧಾಟಿಯ ಮಾತು. ಇದು ಹ್ಯಾಂಡಿಕ್ಯಾಪ್ ಎಂದರೇನು ಎಂಬುದನ್ನೇ ತಿಳಿಯದವರ ಮಾತು. ಆರು ಸೆಕೆಂಡು ಭಿಕ್ಷೆಯಲ್ಲ. ಅರುವತ್ತು ಚದರ ಅಡಿ ಬಟ್ಟೆಯನ್ನು ಕೆಳಗಿಟ್ಟದ್ದಕ್ಕೆ ಪಂಚರು ಕಟ್ಟಿದ ಬೆಲೆ. ಇನ್ನು ಕೆಲವರು ತದ್ವಿರುದ್ಧ. ರಿಯಾಯಿತಿಯ ಪಟ್ಟಿಯನ್ನು ಮುಂದಿಟ್ಟುಕೊಂಡು, ಯಾವ ಅಳತೆಗೆ ಎಷ್ಟು ಸೆಕೆಂಡು ಗಿಟ್ಟುತ್ತದೆ ಎಂದು ಹುಡುಕಿ ಹಾಯಿ ಹೊಲಿಸುವವರು. ಪಠ್ಯ ಓದದೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಾತ್ರ ಓದುವ ವಿದ್ಯಾರ್ಥಿಗಳ ಜಾತಿ ಇವರದು. ಪಟ್ಟಿ ಮುಂದಿನ ವರ್ಷ ಬದಲಾಗಬಹುದು. ಗೋಲ್ಡನ್ ಗೇಟಿನ ಗಾಳಿ ಬದಲಾಗುವುದಿಲ್ಲ.

ಈ ಶಿಷ್ಯನನ್ನು ಬಲ್ಲ ಅವನ ಸಹಪಾಠಿಗಳಿಗೆ ಒಂದು ನೆನಪು ಬರಬಹುದು. ಪರೀಕ್ಷೆಯಲ್ಲಿ ಹೆಚ್ಚುವರಿ ಉತ್ತರಪತ್ರಿಕೆಗಳನ್ನು ಎಲ್ಲರಿಗಿಂತ ಹೆಚ್ಚು ಕೇಳಿ ಪಡೆಯುತ್ತಿದ್ದವನು ಅವನು. ಹಾಳೆ ಹೆಚ್ಚಾದರೆ ಅಂಕ ಹೆಚ್ಚು ಎಂಬ ನಂಬಿಕೆ. ನಾಲ್ಕು ಪುಟದಲ್ಲಿ ಬರೆದದ್ದಕ್ಕೂ ಒಂದೂವರೆ ಪುಟದಲ್ಲಿ ಬರೆದದ್ದಕ್ಕೂ ಉತ್ತರ ಸರಿಯಿದ್ದರೆ ಅಷ್ಟೇ ಅಂಕ ಎಂದು ಅವನಿಗೆ ಎಷ್ಟೋ ಸಲ ಹೇಳಿದ್ದೆ. ಈಗ ಅದೇ ಮಾತನ್ನು ಬಟ್ಟೆಯ ವಿಷಯದಲ್ಲಿ ಹೇಳುತ್ತಿದ್ದೇನೆ. ಏರಿಸಲು ಅವಕಾಶವಿದ್ದಷ್ಟನ್ನೂ ಏರಿಸುವುದು ಜಾಣತನವಲ್ಲ. ಹಿಡಿದು ನಡೆಸಲು ಆಗುವಷ್ಟನ್ನು ಏರಿಸಿ, ಅದರಿಂದ ಪೂರ್ತಿ ಕೆಲಸ ತೆಗೆಯುವುದು ಜಾಣತನ.

ಆದ್ದರಿಂದ ಅವನಿಗೆ ನನ್ನ ಸಲಹೆ ಇಷ್ಟು. ಕಳೆದ ಎರಡು ಋತುಗಳ ನಿನ್ನ ಸ್ಪರ್ಧೆಗಳ ದಿನಗಳನ್ನು ಒಂದು ಹಾಳೆಯಲ್ಲಿ ಬರೆ. ಪ್ರತಿ ದಿನದ ಎದುರಿಗೆ ಅಂದಿನ ಗಾಳಿಯ ವೇಗವನ್ನೂ, ಆ ದಿನ ದೋಣಿಯಲ್ಲಿ ಯಾರು ಯಾರಿದ್ದರು ಎಂಬುದನ್ನೂ ಬರೆ. 15 ನಾಟ್‌ಗಿಂತ ಹೆಚ್ಚಿದ್ದ ದಿನಗಳಿಗೆ ಗುರುತು ಹಾಕು. ಅರ್ಧಕ್ಕಿಂತ ಹೆಚ್ಚು ದಿನಗಳಿಗೆ ಗುರುತು ಬಿದ್ದರೆ, ನನ್ನ ಊಹೆಯಂತೆ ಬಿದ್ದೇ ಬೀಳುತ್ತದೆ, 125ರಿಂದ 130ರ ನಡುವೆ ಗಟ್ಟಿಯಾದ ಬಟ್ಟೆಯ ಹಾಯಿಯನ್ನು ಹೊಲಿಸು. ಬೀಳದಿದ್ದರೆ ದೊಡ್ಡದನ್ನೇ ಹೊಲಿಸು, ನನಗೆ ಬೇಸರವಿಲ್ಲ. ಆದರೆ ಹಾಯಿ ಹೊಲಿಯುವವರ ಬಳಿ ಹೋಗುವ ಮುನ್ನ ಆ ಹಾಳೆಯನ್ನು ಮಗಳಿಗೆ ತೋರಿಸು. ಲೆಕ್ಕವನ್ನು ಅವಳೇ ಮಾಡಲಿ. ಹೊಸ ಹಾಯಿಯ ಹಗ್ಗವನ್ನು ಎಳೆಯುವ ಕೈ ಅವಳದಾಗಬೇಕಾದರೆ ಅದರ ಅಳತೆಯ ನಿರ್ಧಾರದಲ್ಲೂ ಅವಳ ಕೈ ಇರಬೇಕು.

ಅಳತೆ ತಿಳಿದು ಏರಿಸಿದ ಹಾಯಿಯಿಂದ ಸೋತರೂ ಮುಂದಿನ ಶನಿವಾರ ಎಲ್ಲರೂ ಮತ್ತೆ ದೋಣಿ ಹತ್ತುತ್ತಾರೆ. ಎಲ್ಲರೂ ಮತ್ತೆ ಹತ್ತುವ ದೋಣಿ ಇಂದಲ್ಲ ನಾಳೆ ಗೆದ್ದೇ ಗೆಲ್ಲುತ್ತದೆ ಎಂಬುದು ನನ್ನ ನಂಬಿಕೆ.

ಎಲ್ಲರಿಗೂ ಶುಭವಾಗಲಿ.